‘ಬೆಳ್ಳಿಯ ಮೋಡ’: ಒಂದು ಬಂಡಿಯ ಇತಿಹಾಸ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ತಾರೀಖು, ಕೌಲುಕರಾರುಗಳ ಪಟ್ಟಿ, ಇಷ್ಟೇ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರುಬಿಟ್ಟಿದೆ. ಶಾಸನಗಳನ್ನು ಓದಿದವರಿಗೆ ಮಾತ್ರ ಇದು ಪೂರ್ತಿ ನಿಜವಲ್ಲವೆಂದು ಗೊತ್ತು. ಹೊಲದ ಎಲ್ಲೆಕಟ್ಟನ್ನು ಹೇಳುವ ಒಂದು ಸಣ್ಣ ದಾನಶಾಸನವು ಆ ಕಾಲದ ಸುಂಕವೆಷ್ಟು, ಅಳತೆಗೋಲು ಯಾವುದು, ಊರಿನಲ್ಲಿ ಗಾಣವಿದ್ದಿತೆ, ಕಲ್ಲು ಕಡೆದವನು ಯಾರು ಎಂಬುದನ್ನು ದೊಡ್ಡ ದೊಡ್ಡ ಪ್ರಶಸ್ತಿಗಳಿಗಿಂತ ಚೆನ್ನಾಗಿ ತಿಳಿಸುತ್ತದೆ. ಮನುಷ್ಯನು ಮಾಡಿದ ವಸ್ತುಗಳಿಗೂ ಇದೇ ಮಾತು ಸಲ್ಲುತ್ತದೆ. ಒಂದು ಕಾಲದ ಜನ ಏನನ್ನು ಮೆಚ್ಚಿದರು, ಏನನ್ನು ಉಳಿಸಿಕೊಳ್ಳಲು ಹೆಣಗಿದರು, ಏನನ್ನು ಕೈಬಿಟ್ಟರು ಎಂಬುದು ಅವರು ಮಾಡಿದ ಗಡಿಗೆಯಲ್ಲಿಯೂ ಬರೆದಿರುತ್ತದೆ, ಬಂಡಿಯಲ್ಲಿಯೂ ಬರೆದಿರುತ್ತದೆ.

ಈ ದೃಷ್ಟಿಯಿಂದ ನೋಡಿದರೆ ೧೯೫೫ರಿಂದ ೧೯೬೬ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಒಂದು ಮೋಟಾರು ಬಂಡಿಯನ್ನು ಆ ದೇಶದ ಶಾಸನವೆಂದೇ ಓದಬಹುದು. ಅದರ ಹೆಸರು ರೋಲ್ಸ್‌ರಾಯ್ಸ್ ಸಿಲ್ವರ್ ಕ್ಲೌಡ್. ಕನ್ನಡದಲ್ಲಿ ಹೇಳುವುದಾದರೆ ಬೆಳ್ಳಿಯ ಮೋಡ. ಹೀಗೆಂದೊಡನೆ ನಮ್ಮವರಿಗೆ ಕಾದಂಬರಿಯೊಂದು, ಚಿತ್ರವೊಂದು ನೆನಪಿಗೆ ಬರುವುದು ಸಹಜ. ಇಲ್ಲಿ ಹೇಳುತ್ತಿರುವ ಮೋಡವಾದರೋ ಎರಡು ಟನ್ನಿನಷ್ಟು ತೂಕದ್ದು.

ಆ ಸಂಸ್ಥೆಯವರು ತಮ್ಮ ಬಂಡಿಗಳಿಗೆ ಇಟ್ಟ ಹೆಸರುಗಳೇ ಸ್ವಾರಸ್ಯವಾಗಿವೆ. ೧೯೦೭ರಲ್ಲಿ ಕೀರ್ತಿ ತಂದ ಬಂಡಿ ಸಿಲ್ವರ್ ಘೋಸ್ಟ್. ಅನಂತರ ಫ್ಯಾಂಟಮ್, ರೇತ್. ಯುದ್ಧವಾದ ಮೇಲೆ ಸಿಲ್ವರ್ ರೇತ್, ಸಿಲ್ವರ್ ಡಾನ್, ಸಿಲ್ವರ್ ಕ್ಲೌಡ್, ಸಿಲ್ವರ್ ಶ್ಯಾಡೊ. ಭೂತ, ಪಿಶಾಚಿ, ಪ್ರೇತ, ಮುಂಜಾವು, ಮೋಡ, ನೆರಳು! ನಮ್ಮ ಕಡೆ ಹೊಸ ಗಾಡಿ ಮನೆಗೆ ಬಂದರೆ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಕುಂಬಳಕಾಯಿ ಒಡೆದು, ಭೂತದ ಕಾಟ ತಟ್ಟದಿರಲೆಂದು ಬೇಡುತ್ತೇವೆ. ಆಂಗ್ಲರು ಭೂತದ ಹೆಸರನ್ನೇ ಇಟ್ಟು ಮಾರಿದರು. ಆದರೆ ಈ ಎಲ್ಲ ಹೆಸರುಗಳಿಗೂ ಸಮಾನವಾದ ಗುಣವೊಂದುಂಟು: ಇವು ಯಾವುವೂ ಸದ್ದು ಮಾಡುವುದಿಲ್ಲ. ನಿಶ್ಶಬ್ದವೇ ಆ ಸಂಸ್ಥೆಯು ಮಾರುತ್ತಿದ್ದ ಮುಖ್ಯ ಸರಕು. ಸಿಲ್ವರ್ ಕ್ಲೌಡ್‌ನ ತರುವಾಯ ಬಂದ ಬಂಡಿಗೆ ‘ಬೆಳ್ಳಿಯ ಮಂಜು’ ಎಂಬರ್ಥದ ಸಿಲ್ವರ್ ಮಿಸ್ಟ್ ಎಂಬ ಹೆಸರನ್ನು ಯೋಚಿಸಿದ್ದರೆಂದೂ, ಜರ್ಮನ್ ಭಾಷೆಯಲ್ಲಿ ಮಿಸ್ಟ್ ಎಂದರೆ ಸಗಣಿಗೊಬ್ಬರವೆಂದು ತಿಳಿದು ಕೈಬಿಟ್ಟರೆಂದೂ ಹೇಳುವುದುಂಟು. ಹೆಸರಿಡುವಾಗ ನೆರೆಮನೆಯ ನಿಘಂಟನ್ನೂ ನೋಡುವುದು ಒಳ್ಳೆಯದು.

ಬಾಡಿ ಕಟ್ಟುವವರು

ಸಿಲ್ವರ್ ಕ್ಲೌಡ್‌ನ ಕಥೆ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಪದ್ಧತಿಯೊಂದನ್ನು ತಿಳಿಯಬೇಕು. ನಮ್ಮ ಹೆದ್ದಾರಿಗಳಲ್ಲಿ ಪ್ರಯಾಣ ಮಾಡಿದವರು ಒಂದು ನೋಟವನ್ನು ಕಂಡೇ ಇರುತ್ತಾರೆ. ಲಾರಿಯ ಬರಿಯ ಅಸ್ಥಿಪಂಜರ ಓಡಿ ಬರುತ್ತಿರುತ್ತದೆ. ಎಂಜಿನು, ಚಕ್ರ, ಉದ್ದನೆಯ ಎರಡು ಉಕ್ಕಿನ ತೊಲೆ, ಇಷ್ಟೇ. ತಲೆಗೆ ವಸ್ತ್ರ ಸುತ್ತಿಕೊಂಡ ಚಾಲಕ ಗಾಳಿಗೆ ಮುಖ ಕೊಟ್ಟು ಕುಳಿತಿರುತ್ತಾನೆ. ಕೊಂಡವನು ಈ ‘ಚಾಸಿ’ಯನ್ನು ಷೆಡ್ಡಿಗೆ ಒಯ್ದು, ತನಗೆ ಬೇಕಾದಂತೆ ‘ಬಾಡಿ ಕಟ್ಟಿಸುತ್ತಾನೆ’. ಬಡಗಿ, ಕಮ್ಮಾರ, ಬಣ್ಣದವನು ಕೂಡಿ ಅದಕ್ಕೊಂದು ರೂಪ ಕೊಡುತ್ತಾರೆ.

ಎರಡನೆಯ ಮಹಾಯುದ್ಧದವರೆಗೆ ರೋಲ್ಸ್‌ರಾಯ್ಸ್ ಬಂಡಿಗಳನ್ನು ಕೊಳ್ಳುತ್ತಿದ್ದ ರೀತಿಯೂ ಇದೇ ಆಗಿದ್ದಿತು. ಸಂಸ್ಥೆ ಮಾರುತ್ತಿದ್ದುದು ಚಾಸಿಯನ್ನು ಮಾತ್ರ. ಅದಕ್ಕೆ ಒಡಲನ್ನು ಕಟ್ಟುವವರು ಬೇರೆ: ಹೂಪರ್, ಪಾರ್ಕ್ ವಾರ್ಡ್, ಎಚ್. ಜೆ. ಮಲಿನರ್, ಜೇಮ್ಸ್ ಯಂಗ್, ಗರ್ನಿ ನಟಿಂಗ್ ಮೊದಲಾದ ಮನೆತನಗಳು. ಇವರಲ್ಲಿ ಹೂಪರ್‌ನಂಥವರು ಕುದುರೆಯ ಸಾರೋಟುಗಳ ಕಾಲದಿಂದ ಬಂದವರು; ರಾಜರಾಣಿಯರಿಗೆ ಸಾರೋಟು ಕಟ್ಟಿಕೊಟ್ಟವರು. ಗಟ್ಟಿ ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ಅಲ್ಯೂಮಿನಿಯಮ್ ತಗಡನ್ನು ಕೈಯಿಂದ ಬಡಿದು ಬಾಗಿಸಿ ಹೊದಿಸುತ್ತಿದ್ದರು. ಕೊಳ್ಳುವವರು ತಮ್ಮ ಎತ್ತರಕ್ಕೆ ತಕ್ಕಂತೆ ಆಸನವನ್ನೂ, ಮನೆತನದ ಬಣ್ಣವನ್ನೂ ಹೇಳಿ ಮಾಡಿಸಬಹುದಾಗಿತ್ತು. ದರ್ಜಿಯ ಬಳಿ ಅಳತೆ ಕೊಟ್ಟು ಅಂಗಿ ಹೊಲಿಸಿದ ಹಾಗೆ. ನಮ್ಮ ದೇಶದ ಮಹಾರಾಜರು ನವಾಬರು ಬೇಟೆಗೊಂದು, ಮೆರವಣಿಗೆಗೊಂದು ಎಂದು ಮಾಡಿಸಿಕೊಂಡುದೂ ಈ ಪದ್ಧತಿ ಇದ್ದುದರಿಂದಲೇ.

ಚಾಸಿಯನ್ನು ಮಾಡಿದವರ ಕಥೆ ಅನೇಕರಿಗೆ ತಿಳಿದುದೇ. ಹಿಟ್ಟಿನ ಗಿರಣಿಯವನ ಮಗನಾದ ಹೆನ್ರಿ ರಾಯ್ಸ್, ಶ್ರೀಮಂತ ಮನೆತನದ ಚಾರ್ಲ್ಸ್ ರೋಲ್ಸ್, ಇವರಿಬ್ಬರೂ ೧೯೦೪ರ ಮೇ ೪ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಭೇಟಿಯಾದರು. ಒಬ್ಬನು ಮಾಡುವವನು, ಇನ್ನೊಬ್ಬನು ಮಾರುವವನು. ರೋಲ್ಸ್ ೧೯೧೦ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡನು. ರಾಯ್ಸ್ ೧೯೩೩ರವರೆಗೆ ಬದುಕಿದ್ದನು. ೧೯೩೧ರಲ್ಲಿ ಬೆಂಟ್ಲಿ ಎಂಬ ಇನ್ನೊಂದು ಹೆಸರಾಂತ ಸಂಸ್ಥೆಯೂ ಇವರ ವಶಕ್ಕೆ ಬಂದಿತು. ಮುಂದಿನ ಕಥೆಯಲ್ಲಿ ಈ ಬೆಂಟ್ಲಿಯ ಪಾತ್ರ ದೊಡ್ಡದು.

ಗೆದ್ದವರ ಬಡತನ

೧೯೩೮ರಲ್ಲಿ ಯುದ್ಧದ ಕಾರ್ಮೋಡ ಕವಿಯುತ್ತಿದ್ದಾಗ, ವಿಮಾನದ ಎಂಜಿನುಗಳನ್ನು ಮಾಡಲೆಂದು ಕ್ರೂ ಎಂಬ ರೈಲ್ವೆ ಊರಿನಲ್ಲಿ ಹೊಸ ಕಾರ್ಖಾನೆಯೊಂದನ್ನು ಕಟ್ಟತೊಡಗಿದರು. ಸ್ಪಿಟ್‌ಫೈರ್, ಹರಿಕೇನ್, ಲ್ಯಾಂಕಾಸ್ಟರ್ ವಿಮಾನಗಳನ್ನು ಹಾರಿಸಿದ ಮರ್ಲಿನ್ ಎಂಜಿನು ಅಲ್ಲಿಯೂ ತಯಾರಾಯಿತು. ಯುದ್ಧ ಮುಗಿದಾಗ ಆ ಕಾರ್ಖಾನೆಗೆ ಕೆಲಸವಿಲ್ಲದಾಯಿತು. ಹಿಂದೆ ಡರ್ಬಿಯಲ್ಲಿ ನಡೆಯುತ್ತಿದ್ದ ಮೋಟಾರು ಬಂಡಿಗಳ ಕೆಲಸವನ್ನು ೧೯೪೬ರಲ್ಲಿ ಕ್ರೂಗೆ ತಂದರು.

ಆದರೆ ಇಂಗ್ಲೆಂಡು ಗೆದ್ದಿದ್ದರೂ ಬರಿಗೈಯಾಗಿದ್ದಿತು. ಸಾಲ ಬೆಟ್ಟದಂತೆ ಬೆಳೆದಿತ್ತು. ರೊಟ್ಟಿಗೂ ಪಡಿತರ ಚೀಟಿ ಬಂದಿತು. ಪೆಟ್ರೋಲಿನ ಪಡಿತರ ೧೯೫೦ರವರೆಗೆ ತೊಲಗಲಿಲ್ಲ. ಉಕ್ಕು ಬೇಕಾದರೆ ಸರಕು ಹೊರದೇಶಕ್ಕೆ ಹೋಗಬೇಕು, ಡಾಲರು ತರಬೇಕು, ಇದು ಸರ್ಕಾರದ ನಿಯಮ. ೧೯೪೭ರಲ್ಲಿ ಸಾವಿರ ಪೌಂಡಿಗೆ ಮೇಲ್ಪಟ್ಟ ಬಂಡಿಗಳ ಮೇಲಿನ ಖರೀದಿ ತೆರಿಗೆಯನ್ನು ಮೂರರಲ್ಲಿ ಎರಡು ಪಾಲಿಗೆ ಏರಿಸಿದರು. ಮೂರು ಸಾವಿರದ ಬಂಡಿಗೆ ಎರಡು ಸಾವಿರ ತೆರಿಗೆ! ಇಂಥ ದೇಶದಲ್ಲಿ ಸಿರಿವಂತರ ಬಂಡಿಯನ್ನು ಮಾಡಿ ಬದುಕುವುದು ಹೇಗೆ?

ಡಬ್ಲ್ಯು. ಎ. ರಾಬೊಥಮ್ ಎಂಬ ಸಂಸ್ಥೆಯ ಹಿರಿಯ ಎಂಜಿನಿಯರು ಮುಂದಿಟ್ಟ ಮಾರ್ಗ ಸರಳವಾಗಿತ್ತು, ಕಹಿಯಾಗಿಯೂ ಇತ್ತು: ಒಡಲನ್ನು ಕೈಯಿಂದ ಕಟ್ಟಿಸುವುದನ್ನು ಬಿಡಬೇಕು, ಉಕ್ಕಿನ ತಗಡನ್ನು ಯಂತ್ರದಲ್ಲಿ ಒತ್ತಿ, ಎಲ್ಲ ಬಂಡಿಗಳಿಗೂ ಒಂದೇ ರೂಪ ಕೊಡಬೇಕು. ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿದ್ದ ಪ್ರೆಸ್ಡ್ ಸ್ಟೀಲ್ ಎಂಬ ಕಾರ್ಖಾನೆಗೆ ಈ ಕೆಲಸ ಹೋಯಿತು. ಕೌಲಿಯ ಹೆಸರು ನಮಗೆ ತೀರ ಹೊಸದೇನಲ್ಲ. ನಮ್ಮ ಅಂಬಾಸಡರ್ ಕಾರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಹುಟ್ಟಿದುದು ಅದೇ ಊರಿನ ಮಾರಿಸ್ ಕಾರ್ಖಾನೆಯಲ್ಲಿ. ೨೦೧೪ರವರೆಗೆ ನಮ್ಮ ಕಚೇರಿಗಳ ಮುಂದೆ, ಟ್ಯಾಕ್ಸಿ ನಿಲ್ದಾಣಗಳಲ್ಲಿ ಹೊಸದಾಗಿ ಬಂದು ನಿಲ್ಲುತ್ತಿದ್ದ ಆ ಗುಂಡುಮೈಯ ಬಂಡಿಗೂ, ಲಂಡನ್ನಿನ ಸಿರಿವಂತರ ಬಂಡಿಗೂ ಒಂದೇ ಊರಿನ ನಂಟಿದೆ ಎಂಬುದು ವಿನೋದದ ಸಂಗತಿ.

ಆದರೆ ಒತ್ತಿದ ತಗಡಿನ ಒಡಲನ್ನು ರೋಲ್ಸ್‌ರಾಯ್ಸ್ ಹೆಸರಿನಲ್ಲಿ ಮಾರಿದರೆ ಹಳೆಯ ಗಿರಾಕಿಗಳು ಮೂಗು ಮುರಿಯುವರೋ ಎಂಬ ಭಯ ಯಜಮಾನರಿಗಿದ್ದಿತು. ಆದುದರಿಂದ ೧೯೪೬ರಲ್ಲಿ ಮೊದಲು ಬೆಂಟ್ಲಿ ಮಾರ್ಕ್ ಸಿಕ್ಸ್ ಎಂಬ ಹೆಸರಿನಲ್ಲಿ ಅದನ್ನು ಹೊರತಂದರು. ಅದು ಐದು ಸಾವಿರಕ್ಕೂ ಹೆಚ್ಚು ಮಾರಾಟವಾಯಿತು. ಧೈರ್ಯ ಬಂದ ಮೇಲೆ ೧೯೪೯ರಲ್ಲಿ ಅದೇ ಒಡಲಿಗೆ ರೋಲ್ಸ್‌ರಾಯ್ಸ್ ಮುಖವಿಟ್ಟು ಸಿಲ್ವರ್ ಡಾನ್ ಎಂದು ಕರೆದರು. ಅದನ್ನೂ ಮೊದಲ ಕೆಲವು ವರ್ಷ ಹೊರದೇಶಗಳಿಗೆ ಮಾತ್ರ ಕಳುಹಿಸಿದರು. ೧೯೫೩ರವರೆಗೆ ಇಂಗ್ಲೆಂಡಿನವರಿಗೇ ಅದು ಸಿಗುತ್ತಿರಲಿಲ್ಲ. ಮನೆಯಲ್ಲಿ ಮಾಡಿದ ಹೋಳಿಗೆಯನ್ನು ಮೊದಲು ನೆಂಟರಿಗೆ ಬಡಿಸಿದ ಹಾಗಾಯಿತು.

ನಕ್ಷೆ ಬರೆದವನು

ಹೀಗೆ ಪರೀಕ್ಷೆ ಮಾಡಿ ನೋಡಿ ತಯಾರಿಸಿದ ಬಂಡಿಯೇ ೧೯೫೫ರ ಏಪ್ರಿಲಿನಲ್ಲಿ ಹೊರಬಂದ ಸಿಲ್ವರ್ ಕ್ಲೌಡ್. ಅದರ ರೂಪವನ್ನು ಬರೆದವನು ಜಾನ್ ಬ್ಲಾಚ್ಲಿ. ೧೯೧೩ರಲ್ಲಿ ಹುಟ್ಟಿದ ಈತನು ಬಾಲ್ಯದಲ್ಲಿ ಕೀಲುಜ್ವರದಿಂದ ಬಹುಕಾಲ ಹಾಸಿಗೆ ಹಿಡಿದಿದ್ದನು. ಮಲಗಿದಲ್ಲಿಯೇ ಕಾರುಗಳ ಚಿತ್ರ ಬರೆಯುವುದು, ಸಣ್ಣ ಮಾದರಿಗಳನ್ನು ಮಾಡುವುದು, ಇದೇ ಅವನ ಕಾಲಕ್ಷೇಪವಾಗಿತ್ತು. ಮುಂದೆ ಗರ್ನಿ ನಟಿಂಗ್ ಎಂಬ ಬಾಡಿ ಕಟ್ಟುವ ಮನೆಯಲ್ಲಿ ನಕ್ಷೆಕಾರನಾದನು. ಯುದ್ಧಕಾಲದಲ್ಲಿ ರೋಲ್ಸ್‌ರಾಯ್ಸ್ ಸಂಸ್ಥೆ ಸೇರಿ ವಿಮಾನದ ಎಂಜಿನುಗಳಿಗೆ ಹೊದಿಕೆಯ ನಕ್ಷೆ ಮಾಡುತ್ತಿದ್ದನು. ಬಾಡಿ ಕಟ್ಟುವವರ ಕೈಗುಣವನ್ನು ಬಲ್ಲವನೇ ಅವರ ವೃತ್ತಿಯನ್ನು ಅನವಶ್ಯಕಗೊಳಿಸಿದ ಬಂಡಿಯ ನಕ್ಷೆಯನ್ನು ಬರೆದನೆಂಬುದು ಈ ಕಥೆಯ ಮುಖ್ಯವಾದ ವೈಪರೀತ್ಯ.

ಅವನು ಮೊದಲು ಮಾಡಿದ ರೂಪವನ್ನು ಆಡಳಿತ ಮಂಡಲಿಯವರು ಅತಿ ನವೀನವೆಂದು ತಳ್ಳಿಹಾಕಿದರು. ಅವನು ಹೋಗಿ ಒಂದು ವಾರದೊಳಗೆ ಇನ್ನೊಂದನ್ನು ಬರೆದು ತಂದನು. ಅದು ಕೂಡಲೇ ಒಪ್ಪಿಗೆಯಾಯಿತು. ಮುಂದಿನ ರೆಕ್ಕೆಯಂಥ ಮಡ್‌ಗಾರ್ಡಿನಿಂದ ಹೊರಟ ರೇಖೆ ಬಾಗಿಲುಗಳ ಮೇಲೆ ಮೆಲ್ಲಗೆ ಇಳಿಯುತ್ತ ಹೋಗಿ, ಹಿಂದಿನ ಚಕ್ರದ ಬಳಿ ಇನ್ನೊಂದು ಅಲೆಯಾಗಿ ಏಳುತ್ತದೆ. ಎಲ್ಲಿಯೂ ಚೂಪಾದ ಮೂಲೆಯಿಲ್ಲ. ಐದು ಮೀಟರಿಗೂ ಮೇಲ್ಪಟ್ಟು ಉದ್ದವಾದ ಬಂಡಿ, ಆದರೂ ಸ್ಥೂಲವೆನಿಸುವುದಿಲ್ಲ. ಅಮೆರಿಕದ ಬಂಡಿಗಳು ಆ ವರ್ಷಗಳಲ್ಲಿ ವಿಮಾನದಂತೆ ಬಾಲ ಬೆಳೆಸಿಕೊಳ್ಳುತ್ತಿದ್ದವು. ಬ್ಲಾಚ್ಲಿ ಆ ಕಡೆ ತಿರುಗಿಯೂ ನೋಡಲಿಲ್ಲ.

ಮುಖಭಾಗದ ರೇಡಿಯೇಟರಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ದೇವಾಲಯದ ಮುಂಭಾಗದಂತೆ ಕಾಣುವ ಈ ಲೋಹದ ಮುಖದ ರೇಖೆಗಳು ನೆಟ್ಟಗಿವೆಯೆಂದು ನೋಡುವವರಿಗೆ ತೋರುತ್ತದೆ. ವಾಸ್ತವವಾಗಿ ಅವು ಅತಿ ಸೂಕ್ಷ್ಮವಾಗಿ ಉಬ್ಬಿವೆ. ಪೂರ್ತಿ ನೆಟ್ಟಗಿದ್ದರೆ ಮನುಷ್ಯನ ಕಣ್ಣಿಗೆ ಒಳಕ್ಕೆ ಕುಸಿದಂತೆ ಕಾಣುವುದರಿಂದ, ಗ್ರೀಕರು ತಮ್ಮ ಕಂಬಗಳಿಗೆ ಇದೇ ಉಪಾಯವನ್ನು ಮಾಡಿದ್ದರು. ಈ ಮುಖವನ್ನು ಯಂತ್ರವು ಒತ್ತುತ್ತಿರಲಿಲ್ಲ. ತುಕ್ಕು ಹಿಡಿಯದ ಉಕ್ಕಿನ ತಗಡುಗಳನ್ನು ಕುಶಲಕರ್ಮಿಯೇ ಬೆಸೆದು, ಕಣ್ಣಳತೆಯಿಂದಲೂ ಕೈಯಳತೆಯಿಂದಲೂ ತಿದ್ದುತ್ತಿದ್ದನು. ಒಡಲು ಯಂತ್ರದ್ದು, ಮುಖ ಮಾತ್ರ ಕೈಯದು. ಇಡೀ ಯುಗದ ರಾಜಿಯೇ ಅಲ್ಲಿ ಕಾಣುತ್ತದೆ.

ಒಳಗಿನ ಕಥೆ

ಒಳಗೆ ೪,೮೮೭ ಘನ ಸೆಂಟಿಮೀಟರಿನ, ಆರು ಸಿಲಿಂಡರುಗಳ ಎಂಜಿನು. ಅದರ ವಂಶವನ್ನು ಹಿಡಿದು ಹೋದರೆ ೧೯೨೨ರ ಇಪ್ಪತ್ತು ಅಶ್ವಶಕ್ತಿಯ ಬಂಡಿಯವರೆಗೂ ಮುಟ್ಟಬಹುದು. ಈಗ ಇದರ ಶಕ್ತಿ ಎಷ್ಟೆಂದು ಕೇಳಿದರೆ ಸಂಸ್ಥೆಯವರು ಅಂಕಿ ಹೇಳುತ್ತಿರಲಿಲ್ಲ; ಸಾಕಾಗುವಷ್ಟಿದೆ ಎನ್ನುತ್ತಿದ್ದರು. ದೊಡ್ಡ ಮನೆತನದವರು ತಮ್ಮ ಆಸ್ತಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳುತ್ತಾರೆಯೆ? ವೇಗವೇನೋ ಗಂಟೆಗೆ ನೂರು ಮೈಲಿಯನ್ನು ತುಸು ದಾಟುತ್ತಿತ್ತು.

ಗೇರು ತಾನಾಗಿಯೇ ಬದಲಾಗುವ ವ್ಯವಸ್ಥೆ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯದು. ಅವರ ಅನುಮತಿ ಪಡೆದು ಕ್ರೂನಲ್ಲಿ ತಯಾರಿಸುತ್ತಿದ್ದರು. ಇದನ್ನು ಕುರಿತು ಮೋಟಾರು ಪ್ರಿಯರಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ಅಮೆರಿಕದವರು ಒರಟಾಗಿ ಬಿಟ್ಟಿದ್ದ ಬಿಡಿಭಾಗವೊಂದನ್ನು ಕ್ರೂನ ಕುಶಲರು ಕನ್ನಡಿಯಂತೆ ನಯಗೊಳಿಸಿದರಂತೆ; ಗೇರು ಕೆಲಸವೇ ಮಾಡಲಿಲ್ಲವಂತೆ; ಮತ್ತೆ ಒರಟು ಮಾಡಿದ ಮೇಲೆ ಸರಿಹೋಯಿತಂತೆ. ಕಥೆಯ ನೀತಿಯಂತೂ ಸ್ಪಷ್ಟವಾಗಿದೆ.

ಬ್ರೇಕಿನಲ್ಲಿ ಇನ್ನೊಂದು ಜಾಣತನವಿದ್ದಿತು. ಗೇರುಪೆಟ್ಟಿಗೆಯಿಂದ ತಿರುಗುವ ಒಂದು ಬಿಲ್ಲೆ ಬಂಡಿ ಓಡುವಾಗಲೆಲ್ಲ ತಿರುಗುತ್ತಿರುತ್ತದೆ. ಚಾಲಕನು ಬ್ರೇಕು ಮೆಟ್ಟಿದಾಗ ಆ ಬಿಲ್ಲೆಯ ಉಜ್ಜಾಟದ ಬಲ ಸೇರಿಕೊಂಡು, ಕಾಲಿನ ಸ್ವಲ್ಪ ಒತ್ತು ಬಹಳ ಒತ್ತಾಗುತ್ತದೆ. ಅಂದರೆ ಬಂಡಿಯನ್ನು ನಿಲ್ಲಿಸಲು ಬಂಡಿಯ ಓಟವನ್ನೇ ಬಳಸಿಕೊಳ್ಳುವ ಉಪಾಯ. ಹಿಸ್ಪಾನೋ ಸುಯಿಜಾ ಎಂಬ ಸಂಸ್ಥೆಯಿಂದ ೧೯೨೦ರ ದಶಕದಲ್ಲಿ ಪಡೆದ ಈ ಏರ್ಪಾಡನ್ನು ರೋಲ್ಸ್‌ರಾಯ್ಸ್‌ನವರು ಮೂವತ್ತು ವರ್ಷಗಳ ಅನಂತರವೂ ಬಿಟ್ಟಿರಲಿಲ್ಲ. ಹೊಸದನ್ನು ಮೊದಲು ಮಾಡಬೇಕೆಂಬ ಹಂಬಲ ಅವರಿಗಿರಲಿಲ್ಲ. ಮಾಡಿದುದು ಕೆಡಬಾರದೆಂಬ ಹಟವಿದ್ದಿತು.

ತೆರಿಗೆಯೂ ಸೇರಿ ಬೆಲೆ ಸುಮಾರು ಐದು ಸಾವಿರ ಪೌಂಡು. ಆ ಹಣದಲ್ಲಿ ಆಗಿನ ಇಂಗ್ಲೆಂಡಿನಲ್ಲಿ ಎರಡು ಸಾಧಾರಣ ಮನೆಗಳನ್ನು ಕೊಳ್ಳಬಹುದಾಗಿತ್ತು.

ಗಡಿಯಾರದ ಸದ್ದು

ಸಿಲ್ವರ್ ಕ್ಲೌಡ್‌ನ್ನು ಕುರಿತು ಜಗತ್ತಿಗೆಲ್ಲ ತಿಳಿದಿರುವ ಒಂದು ಮಾತಿದೆ: ಗಂಟೆಗೆ ಅರುವತ್ತು ಮೈಲಿ ವೇಗದಲ್ಲಿ ಓಡುವಾಗ ಆ ಬಂಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸದ್ದೆಂದರೆ ಅದರ ವಿದ್ಯುತ್ ಗಡಿಯಾರದ್ದು. ಇದು ೧೯೫೮ರಲ್ಲಿ ಡೇವಿಡ್ ಓಗಿಲ್ವಿ ಎಂಬ ಜಾಹೀರಾತುಗಾರನು ಅಮೆರಿಕದ ಪತ್ರಿಕೆಗಳಿಗಾಗಿ ಬರೆದ ಜಾಹೀರಾತಿನ ತಲೆಬರೆಹ. ಮಾತು ಅವನ ಸ್ವಂತದ್ದಲ್ಲ. ಮೂರು ವಾರ ಬಂಡಿಯ ವಿಷಯವನ್ನೇ ಓದುತ್ತ ಕುಳಿತಿದ್ದಾಗ, ದಿ ಮೋಟರ್ ಎಂಬ ಆಂಗ್ಲ ಪತ್ರಿಕೆಯ ತಾಂತ್ರಿಕ ಸಂಪಾದಕನ ಬರೆಹದಲ್ಲಿ ಅದು ಅವನ ಕಣ್ಣಿಗೆ ಬಿದ್ದಿತು. ಅದಕ್ಕೂ ಕಾಲು ಶತಮಾನದ ಹಿಂದೆ, ೧೯೩೩ರಲ್ಲಿ, ಪಿಯರ್ಸ್ ಆರೋ ಎಂಬ ಅಮೆರಿಕದ ಬಂಡಿಯ ಜಾಹೀರಾತು ಸಹ ಗಡಿಯಾರದ ಟಿಕ್‌ಟಿಕ್ಕನ್ನೇ ಹೇಳಿಕೊಂಡಿದ್ದಿತು. ಪಿಯರ್ಸ್ ಆರೋ ಆ ದಶಕ ಮುಗಿಯುವ ಮೊದಲೇ ಮುಳುಗಿಹೋಯಿತು, ಮಾತು ಉಳಿಯಿತು. ನಮ್ಮ ಗಾದೆಗಳಿಗೂ ಕರ್ತೃ ಇಲ್ಲ. ಸರಿಯಾದ ಹೊತ್ತಿಗೆ ಸರಿಯಾಗಿ ಆಡಿದವನದೇ ಮಾತು.

ಈ ಜಾಹೀರಾತಿನ ವೈಶಿಷ್ಟ್ಯ ಅದರ ತಲೆಬರೆಹಕ್ಕಿಂತ ಒಡಲಿನಲ್ಲಿದೆ. ಹೊಗಳಿಕೆಯ ವಿಶೇಷಣಗಳನ್ನು ಸುರಿಯದೆ ಒಂದೊಂದೇ ಸಂಗತಿಯನ್ನು ಅಂಕಿ ಹಾಕಿ ಹೇಳುತ್ತ ಹೋಗುತ್ತಾನೆ: ಪ್ರತಿಯೊಂದು ಎಂಜಿನನ್ನೂ ಬಂಡಿಗೆ ಕೂಡಿಸುವ ಮೊದಲು ಏಳು ಗಂಟೆ ಪೂರ್ಣಶಕ್ತಿಯಲ್ಲಿ ಓಡಿಸಿ ನೋಡುತ್ತಾರೆ, ವೈದ್ಯರು ಎದೆಗಿಡುವ ಸ್ಟೆತಸ್ಕೋಪನ್ನು ಅಚ್ಚಿಗೆ ಇಟ್ಟು ಗೊರಕೆಯ ಸದ್ದನ್ನು ಹುಡುಕುತ್ತಾರೆ, ಮೂರು ವರ್ಷದ ಭರವಸೆ ಕೊಡುತ್ತಾರೆ. ಸಂಗತಿಯೇ ಅಲಂಕಾರವಾಗಬಲ್ಲದು ಎಂಬುದಕ್ಕೆ, ಕಾವ್ಯಮೀಮಾಂಸೆಯನ್ನು ಪಾಠ ಹೇಳುವ ನನ್ನಂಥವರೂ ಈ ಜಾಹೀರಾತನ್ನು ಉದಾಹರಿಸಬಹುದು.

ಆದರೆ ಆ ಪಟ್ಟಿಯಲ್ಲಿದ್ದ ಒಂದು ಸಂಗತಿ ಮಾತ್ರ ಇತಿಹಾಸಕಾರನ ಪರೀಕ್ಷೆಗೆ ನಿಲ್ಲುವುದಿಲ್ಲ. ರೇಡಿಯೇಟರಿನ ಮೇಲಿನ ಎರಡು ‘ಆರ್’ ಅಕ್ಷರಗಳು ಮೊದಲು ಕೆಂಪಾಗಿದ್ದವೆಂದೂ, ೧೯೩೩ರಲ್ಲಿ ರಾಯ್ಸ್ ತೀರಿಕೊಂಡಾಗ ಶೋಕಸೂಚಕವಾಗಿ ಕಪ್ಪಾದುವೆಂದೂ ಜನ ನಂಬಿದರು. ಜಾಹೀರಾತು ಈ ನಂಬಿಕೆಯನ್ನು ದೇಶದೇಶಕ್ಕೆ ಹರಡಿತು. ನಿಜವೇನೆಂದರೆ ಕಪ್ಪು ಮಾಡುವ ನಿರ್ಧಾರ ರಾಯ್ಸ್ ಬದುಕಿದ್ದಾಗಲೇ ಆಗಿತ್ತು. ಬಂಡಿಯ ಬಣ್ಣ ಯಾವುದಿದ್ದರೂ ಕಪ್ಪು ಒಪ್ಪುತ್ತದೆ, ಕೆಂಪು ಒಪ್ಪುವುದಿಲ್ಲ ಎಂಬುದೇ ಕಾರಣ. ಸಾವು ಆಮೇಲೆ ಬಂದು ಕಥೆಗೆ ಒದಗಿತು. ಸ್ಥಳಪುರಾಣಗಳು ಹುಟ್ಟುವುದೂ ಹೀಗೆಯೇ ಅಲ್ಲವೆ? ಮೊದಲು ಕಲ್ಲಿನ ಮೇಲೊಂದು ಗುರುತು ಇರುತ್ತದೆ. ದೇವರ ಹೆಜ್ಜೆ ಆಮೇಲೆ ಬರುತ್ತದೆ.

ಸಂಕೋಚದ ಬೆಲೆ

ಅದೇ ಜಾಹೀರಾತಿನಲ್ಲಿ ಇನ್ನೊಂದು ಮಾತಿದೆ. ರೋಲ್ಸ್‌ರಾಯ್ಸ್ ಓಡಿಸಲು ಸಂಕೋಚಪಡುವವರು ಬೆಂಟ್ಲಿ ಕೊಳ್ಳಬಹುದು. ರೇಡಿಯೇಟರು ಬಿಟ್ಟರೆ ಎರಡೂ ಒಂದೇ. ಬೆಂಟ್ಲಿಯ ಮುಖವನ್ನು ಮಾಡುವುದು ಸುಲಭವಾದುದರಿಂದ ಬೆಲೆ ಮುನ್ನೂರು ಡಾಲರು ಕಡಮೆ. ಹದಿಮೂರು ಸಾವಿರ ಡಾಲರಿಗೂ ಮೇಲ್ಪಟ್ಟ ಬೆಲೆಯಲ್ಲಿ ಮುನ್ನೂರು ಎಷ್ಟರದು? ಬೆಂಟ್ಲಿ ಕೊಂಡವರು ಹಣ ಉಳಿಸಲಿಲ್ಲ. ನೆರೆಯವರ ಕಣ್ಣನ್ನು ತಪ್ಪಿಸಿಕೊಂಡರು.

ಇದು ಕೇವಲ ತಮಾಷೆಯ ಮಾತಲ್ಲ. ಸಿಲ್ವರ್ ಕ್ಲೌಡ್‌ನ ಮೊದಲ ಆವೃತ್ತಿಯ ಕಾಲದಲ್ಲಿ ಅದರ ಜೋಡಿಯಾದ ಬೆಂಟ್ಲಿ ಎಸ್ ಬಂಡಿಯೇ ಹೆಚ್ಚು ಮಾರಾಟವಾಯಿತು. ಮೂರನೆಯ ಆವೃತ್ತಿಯ ಹೊತ್ತಿಗೆ ಲೆಕ್ಕ ತಿರುಗಿ, ರೋಲ್ಸ್‌ರಾಯ್ಸ್ ಮುಂದಾಯಿತು. ೧೯೫೫ರ ಇಂಗ್ಲೆಂಡಿನಲ್ಲಿ ಪಡಿತರದ ನೆನಪು ಇನ್ನೂ ಮಾಸಿರಲಿಲ್ಲ. ಇದ್ದುದನ್ನು ಮೆರೆಸುವುದು ಅಸಭ್ಯವೆನಿಸುತ್ತಿತ್ತು. ೧೯೬೩ರ ಹೊತ್ತಿಗೆ ಹೊಸ ಹಣ, ಹೊಸ ಜನ. ಗಾಯಕರು, ನಟರು, ವ್ಯಾಪಾರಿಗಳು ಬಂದರು. ಸಂಕೋಚಕ್ಕೆ ಬೆಲೆ ಕೊಡುವವರು ಕಡಮೆಯಾದರು. ಸಮಾಜಶಾಸ್ತ್ರದ ಗ್ರಂಥವೊಂದು ನೂರು ಪುಟಗಳಲ್ಲಿ ಹೇಳುವುದನ್ನು ಈ ಎರಡು ರೇಡಿಯೇಟರುಗಳ ಮಾರಾಟದ ಲೆಕ್ಕವೇ ಹೇಳಿಬಿಡುತ್ತದೆ.

ಮೋಡ ಕರಗಿದುದು

೧೯೫೯ರಲ್ಲಿ ಎರಡನೆಯ ಸಿಲ್ವರ್ ಕ್ಲೌಡ್ ಬಂದಿತು. ರೂಪ ಅದೇ, ಎಂಜಿನು ಮಾತ್ರ ಹೊಸದು. ೬,೨೩೦ ಘನ ಸೆಂಟಿಮೀಟರಿನ, ಎಂಟು ಸಿಲಿಂಡರುಗಳು ‘ವಿ’ ಆಕಾರದಲ್ಲಿ ಕುಳಿತ, ಹಗುರಾದ ಅಲ್ಯೂಮಿನಿಯಮಿನ ಎಂಜಿನು. ಮುಖ್ಯ ಎಂಜಿನಿಯರ್ ಹ್ಯಾರಿ ಗ್ರಿಲ್ಸ್‌ನ ಆಡಳಿತದಲ್ಲಿ ರೂಪುಗೊಂಡ ಇದು ಮೊದಮೊದಲು ದೂರುಗಳಿಗೂ ಒಳಗಾಯಿತು. ಇದರ ಸ್ಪಾರ್ಕ್ ಪ್ಲಗ್ಗನ್ನು ಬದಲಿಸಬೇಕಾದರೆ ಮುಂದಿನ ಚಕ್ರವನ್ನು ಕಳಚಿ, ಪಕ್ಕದ ಮುಚ್ಚಳ ತೆಗೆದು ಕೈ ತೂರಿಸಬೇಕಾಗಿತ್ತು. ಹಳೆಯ ಆರು ಸಿಲಿಂಡರಿನ ನಯ ಇದಕ್ಕಿಲ್ಲವೆಂದು ಗೊಣಗಿದವರೂ ಇದ್ದರು. ಆದರೆ ಇದರ ಆಯುಸ್ಸನ್ನು ನೋಡಿ! ಹಿಗ್ಗಿ, ತಿದ್ದಿಸಿಕೊಂಡು, ೨೦೨೦ರವರೆಗೆ ಬೆಂಟ್ಲಿ ಬಂಡಿಗಳಲ್ಲಿ ಈ ವಂಶದ ಎಂಜಿನು ತಯಾರಾಗುತ್ತಲೇ ಇತ್ತು, ೬೧ ವರ್ಷ!

೧೯೬೨ರಲ್ಲಿ ಮೂರನೆಯ ಆವೃತ್ತಿ ಬಂದಿತು. ಮುಂದಿನ ದೀಪಗಳು ಒಂದರ ಬದಲು ಎರಡೆರಡಾದುವು. ಬಾನೆಟ್ಟು ಸ್ವಲ್ಪ ತಗ್ಗಿತು. ೧೯೬೫ರಲ್ಲಿ ಇದರ ಸ್ಥಾನಕ್ಕೆ ಸಿಲ್ವರ್ ಶ್ಯಾಡೊ ಬಂದಿತು. ವಿಶೇಷವಾಗಿ ಕಟ್ಟಿಸಿದ ಕೆಲವು ಮೋಡಗಳು ಮರುವರ್ಷದವರೆಗೂ ಹೊರಬಂದುವು. ಮೂರೂ ಆವೃತ್ತಿ ಸೇರಿ ಏಳು ಸಾವಿರಕ್ಕೂ ಮೇಲ್ಪಟ್ಟು ಸಿಲ್ವರ್ ಕ್ಲೌಡ್‌ಗಳು ತಯಾರಾಗಿದ್ದವು.

ಸಿಲ್ವರ್ ಶ್ಯಾಡೊ ಎಲ್ಲ ರೀತಿಯಿಂದಲೂ ಉತ್ತಮವಾದ ಬಂಡಿ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಭಾರ ಹೆಚ್ಚಾದರೂ ಬಂಡಿ ಬಾಗದಂತೆ ಎತ್ತಿ ಹಿಡಿಯುವ ವ್ಯವಸ್ಥೆ, ಅದೂ ಫ್ರಾನ್ಸಿನ ಸಿಟ್ರನ್ ಸಂಸ್ಥೆಯಿಂದ ಪಡೆದುದು. ಆದರೆ ಮುಖ್ಯವಾದ ವ್ಯತ್ಯಾಸ ಬೇರೆಯೇ. ಅದರಲ್ಲಿ ಚಾಸಿ ಬೇರೆ, ಒಡಲು ಬೇರೆ ಎಂಬ ಭೇದವೇ ಇರಲಿಲ್ಲ. ಮೊಟ್ಟೆಯ ಚಿಪ್ಪಿನಂತೆ ಒಡಲೇ ಭಾರವನ್ನೆಲ್ಲ ಹೊರುತ್ತಿತ್ತು. ಬರಿಯ ಚಾಸಿಯನ್ನು ಕೊಂಡು ಬಾಡಿ ಕಟ್ಟಿಸುವ ಮಾತೇ ಅಲ್ಲಿಗೆ ಮುಗಿಯಿತು. ಫ್ಯಾಂಟಮ್ ಬಂಡಿಗಳು ಮಾತ್ರ ಮುಂದೆಯೂ ಕೆಲಕಾಲ ಹಳೆಯ ಪದ್ಧತಿಯಲ್ಲಿ ನಡೆದುವು.

ಆದರೆ ಬಾಡಿ ಕಟ್ಟುವವರನ್ನು ಮುಗಿಸಿದುದು ಶ್ಯಾಡೊ ಎನ್ನುವುದು ಪೂರ್ತಿ ಸರಿಯಲ್ಲ. ಅವರ ದೀಪಕ್ಕೆ ಎಣ್ಣೆ ತೀರಿದುದು ಕ್ಲೌಡ್‌ನ ಕಾಲದಲ್ಲಿಯೇ. ಬ್ಲಾಚ್ಲಿ ಬರೆದ ಒತ್ತುತಗಡಿನ ಒಡಲು ಎಷ್ಟು ಚೆಲುವಾಗಿದ್ದಿತೆಂದರೆ, ಹೆಚ್ಚು ಹಣ ತೆತ್ತು, ತಿಂಗಳುಗಟ್ಟಲೆ ಕಾದು, ಬೇರೆ ಒಡಲು ಕಟ್ಟಿಸಿಕೊಳ್ಳಬೇಕಾದ ಕಾರಣವೇ ಬಹುಮಂದಿಗೆ ಉಳಿಯಲಿಲ್ಲ. ಹೂಪರ್ ಮನೆಯವರು ೧೯೫೯ರಲ್ಲಿ ಬಾಡಿ ಕಟ್ಟುವುದನ್ನು ನಿಲ್ಲಿಸಿದರು. ಎಚ್. ಜೆ. ಮಲಿನರ್ ಅದೇ ವರ್ಷ ರೋಲ್ಸ್‌ರಾಯ್ಸ್ ವಶವಾಗಿ, ೧೯೬೧ರಲ್ಲಿ ಪಾರ್ಕ್ ವಾರ್ಡ್‌ನೊಂದಿಗೆ ಕೂಡಿಹೋಯಿತು. ಜೇಮ್ಸ್ ಯಂಗ್ ಸಹ ಆ ದಶಕವನ್ನು ದಾಟಲಿಲ್ಲ. ಕೆಟ್ಟ ಸರಕಿಗೆ ಸೋತಿದ್ದರೆ ದೂರಬಹುದಾಗಿತ್ತು. ಒಳ್ಳೆಯ ಸರಕಿಗೆ ಸೋತವನು ಯಾರನ್ನು ದೂರಬೇಕು? ಕೈಮಗ್ಗದ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆಯ ಭಾರ ಚೆನ್ನಾಗಿ ತಿಳಿದಿದೆ.

ಹೆಸರು ಯಾರದು?

ಉಳಿದುದನ್ನು ಸಂಕ್ಷೇಪವಾಗಿ ಹೇಳಬಹುದು. ೧೯೭೧ರ ಫೆಬ್ರವರಿಯಲ್ಲಿ, ಹೊಸ ಜೆಟ್ ಎಂಜಿನೊಂದರ ಖರ್ಚಿನ ಭಾರಕ್ಕೆ ರೋಲ್ಸ್‌ರಾಯ್ಸ್ ಸಂಸ್ಥೆ ದಿವಾಳಿಯಾಯಿತು. ಸರ್ಕಾರ ವಿಮಾನದ ಎಂಜಿನಿನ ಭಾಗವನ್ನು ತನ್ನ ಕೈಗೆ ತೆಗೆದುಕೊಂಡಿತು. ಬಂಡಿಗಳ ಭಾಗ ೧೯೭೩ರಲ್ಲಿ ಬೇರೆ ಸಂಸ್ಥೆಯಾಯಿತು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೊನಾಟಿಕ್ಸ್ ಕಾರ್ಖಾನೆಯಲ್ಲಿ ಜಾಗ್ವಾರ್ ವಿಮಾನಗಳಿಗಾಗಿ ಅನುಮತಿ ಪಡೆದು ತಯಾರಿಸಿದ ಅಡೂರ್ ಎಂಜಿನಿಗೂ ರೋಲ್ಸ್‌ರಾಯ್ಸ್ ಹೆಸರುಂಟು. ಅದು ಆ ಮೊದಲ ಶಾಖೆಯದು, ಬಂಡಿಯ ಶಾಖೆಯದಲ್ಲ.

೧೯೯೮ರಲ್ಲಿ ಬಂಡಿಯ ಸಂಸ್ಥೆ ಮಾರಾಟಕ್ಕೆ ಬಂದಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ ೪೩ ಕೋಟಿ ಪೌಂಡು ಕೊಟ್ಟು ಕ್ರೂ ಕಾರ್ಖಾನೆಯನ್ನೂ, ಯಂತ್ರಗಳನ್ನೂ, ರೇಡಿಯೇಟರಿನ ಮೇಲೆ ನಿಂತ ಬೊಂಬೆಯ ಹಕ್ಕನ್ನೂ ಪಡೆಯಿತು. ಕೊಂಡಾದ ಮೇಲೆ ನೋಡಿದರೆ, ರೋಲ್ಸ್‌ರಾಯ್ಸ್ ಎಂಬ ಹೆಸರು ಮಾತ್ರ ವಿಮಾನದ ಎಂಜಿನಿನವರ ಬಳಿ ಇದ್ದಿತು. ಅದನ್ನು ಅವರು ಜರ್ಮನಿಯದೇ ಆದ ಬಿ.ಎಂ.ಡಬ್ಲ್ಯು. ಸಂಸ್ಥೆಗೆ ೪ ಕೋಟಿ ಪೌಂಡಿಗೆ ಕೊಟ್ಟರು. ೨೦೦೩ರಿಂದ ರೋಲ್ಸ್‌ರಾಯ್ಸ್ ಬಂಡಿಗಳು ಗುಡ್‌ವುಡ್ ಎಂಬ ಬೇರೊಂದು ಊರಿನಲ್ಲಿ ತಯಾರಾಗತೊಡಗಿದವು. ಕ್ರೂನಲ್ಲಿ ಬೆಂಟ್ಲಿ ಉಳಿಯಿತು. ಮನೆ ಒಬ್ಬರಿಗೆ, ಮನೆತನದ ಹೆಸರು ಇನ್ನೊಬ್ಬರಿಗೆ! ಯುದ್ಧಕಾಲದಲ್ಲಿ ಮರ್ಲಿನ್ ಎಂಜಿನಿನ ವಿಮಾನಗಳು ಆಕಾಶದಲ್ಲಿ ಎದುರಿಸಿದ ವಿಮಾನಗಳಲ್ಲಿ ಬಿ.ಎಂ.ಡಬ್ಲ್ಯು. ಎಂಜಿನಿನವೂ ಇದ್ದುವು ಎಂಬುದನ್ನು ನೆನೆದರೆ ಕಾಲಪುರುಷನಿಗೆ ಹಾಸ್ಯಪ್ರವೃತ್ತಿ ಇದೆಯೆಂದೇ ಹೇಳಬೇಕು.

ಹೆಸರು ಮಾರಾಟದ ವಸ್ತುವಾಗಬಲ್ಲದು. ಕೈಯ ಕಸಬು ಹಾಗಲ್ಲ. ಕ್ರೂ ಕಾರ್ಖಾನೆಗೆ ಬೆಲೆ ಕಟ್ಟಿದರು, ಎರಡು ‘ಆರ್’ ಅಕ್ಷರಗಳಿಗೂ ಬೆಲೆ ಕಟ್ಟಿದರು. ತಗಡಿನ ಮೇಲೆ ಅಂಗೈ ಸವರಿ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳಬಲ್ಲ ಹೂಪರ್ ಮನೆಯ ಕಮ್ಮಾರನ ವಿದ್ಯೆಗೆ ಬೆಲೆ ಕಟ್ಟಲು ೧೯೫೯ರಲ್ಲಿ ಯಾರೂ ಬರಲಿಲ್ಲ. ಸಿಲ್ವರ್ ಕ್ಲೌಡ್ ಆ ವಿದ್ಯೆಯ ಕೊನೆಯ ಕಾಲದಲ್ಲಿ ಹುಟ್ಟಿದ ಬಂಡಿ. ಅದನ್ನು ಮುಗಿಸಿದ ಬಂಡಿಯೂ ಹೌದು. ಅದರ ಒಡಲಿನ ಮೇಲೆ ಇಳಿದು ಮತ್ತೆ ಏಳುವ ಆ ಉದ್ದನೆಯ ರೇಖೆ, ಕೈಯಿಂದ ಕಟ್ಟುವವರ ಬಳಿ ಕಲಿತವನೊಬ್ಬನು ಯಂತ್ರಕ್ಕೆ ಹೇಳಿಕೊಟ್ಟ ಪಾಠ. ಯಂತ್ರ ಪಾಠವನ್ನು ಚೆನ್ನಾಗಿ ಒಪ್ಪಿಸಿತು. ಬ್ಲಾಚ್ಲಿ ೧೯೬೯ರಲ್ಲಿ ಸಂಸ್ಥೆಯಿಂದ ನಿವೃತ್ತನಾಗಿ, ೨೦೦೮ರವರೆಗೆ ಬದುಕಿದ್ದನು. ತನ್ನ ಗುರುಮನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದುದನ್ನೂ, ತನ್ನ ಮೋಡಗಳು ಮಾತ್ರ ಐವತ್ತು ವರ್ಷಗಳ ಮೇಲೂ ಸದ್ದಿಲ್ಲದೆ ಓಡುತ್ತಿದ್ದುದನ್ನೂ ಅವನು ಕಣ್ಣಾರೆ ಕಂಡನು.